ಧೈರ್ಯ ಹೇಳುತ್ತಿದ್ದವನು

ಗಂಡನಿಗೆ ಕ್ಯಾನ್ಸರ್ ಅಂತ ತಿಳಿದ ದಿನದಿಂದ ಟೈಲರಮ್ಮನಿಗೆ ಯಾರ ಮಾತೂ ತಲೆಗೆ ಹೋಗುತ್ತಿರಲಿಲ್ಲ. ಆದರೆ ಆಸ್ಪತ್ರೆಯ ಲಿಫ್ಟಿನ ಮುಂದೆ ನಿಂತಿದ್ದಾಗ ಪಕ್ಕದಲ್ಲಿ ನಿಂತಿದ್ದ ಯಾರೋ ಅಕ್ಕ–ತಮ್ಮನ ಮಾತು ಕಿವಿಗೆ ಬಿತ್ತು.

“ಸಂಜೆ ರೋಗಿಗಳ ಗುಂಪಿಗೆ ಹೋಗ್ತೀಯೇನೋ?”

“ಯಾವ ಮುಖ ಇಟ್ಕೊಂಡು ಹೋಗ್ಲಿ ಅಕ್ಕಾ? ವಾಸಿಯಾದವನು ಅಂತ ಹೊಸಬರಿಗೆಲ್ಲ ನನ್ನನ್ನೇ ತೋರಿಸ್ತಾರೆ.”

“ಕ್ಯಾನ್ಸರ್ ಮತ್ತೆ ಬಂದಿದೆ ಅಂತ ಹೇಳಿಬಿಡು. ಈ ಸಲ ಅವರು ನಿನಗೆ ಧೈರ್ಯ ಹೇಳಲಿ.”

“ಗೊತ್ತಾದ್ರೆ ಗುಂಪಿಗೆ ಹೊಸದಾಗಿ ಬಂದಿರೋ ಆ ಮೇಷ್ಟ್ರು ಔಷಧಿ ಬಿಟ್ಟುಬಿಡ್ತಾರೆ. ನನ್ನ ನೋಡ್ಕೊಂಡೇ ತಗೋತಿದ್ದಾರೆ.”

“ಮತ್ತೆ ಕೇಳಿದವರಿಗೆ ಏನನ್ಲಿ?”

“ದೂರದಲ್ಲೆಲ್ಲೋ ಕೆಲಸ ಸಿಕ್ತು, ಹೋದ ಅನ್ನು.”

“ಫೋನ್ ಮಾಡಿದ್ರೆ?”

“ಚೆನ್ನಾಗಿದ್ದಾನೆ ಅನ್ನು. ನಾನು ಹೋದಮೇಲೂ ಹಾಗೇ ಅನ್ನು.”

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಟೈಲರಮ್ಮನ ಗಂಡ ಚೀಟಿ ತೋರಿಸಿ ಬಂದು, “ಅದೇನೋ ರೋಗಿಗಳ ಗುಂಪಂತೆ, ಡಾಕ್ಟ್ರು ಹೋಗು ಅಂದ್ರು. ಎಲ್ಲಿದೆಯೋ?” ಎಂದ.

ತಮ್ಮ ತಟ್ಟನೆ ತಿರುಗಿ ನಕ್ಕ.

“ಮೇಲಿನ ಮಹಡೀಲೇ ಸ್ವಾಮಿ. ತಪ್ಪದೆ ಹೋಗಿ. ನಾನು ವಾಸಿಯಾಗಿದ್ದೇ ಅವರ ಧೈರ್ಯದಿಂದ.”

“ಪೂರ್ತಿ ವಾಸಿಯಾಯ್ತಾ?”

“ಕಾಣ್ತಿಲ್ವಾ?”

ಗಂಡನ ಮುಖ ಅರಳಿತು. “ಸಂಜೆ ಹೋಗೋಣ,” ಎಂದಳು ಟೈಲರಮ್ಮ. ಲಿಫ್ಟ್ ಬಂತು, ಅಕ್ಕ–ತಮ್ಮ ಅದನ್ನು ಬಿಟ್ಟು ಮೆಟ್ಟಿಲಿಳಿದು ಹೋದರು.