ಲೋಟದ ಮೇಲಿನ ಬಿಳಿ ಪೊರೆ

ಈಗ ಒಂದು ದೃಷ್ಟಾಂತ ಹೇಳ್ತೀನಿ, ಕಿವಿ ಈ ಕಡೆ ಕೊಡಿ. ಪಂಕಜಾ, ತೂಕಡಿಕೆ ಆಮೇಲೆ ಇಟ್ಕೋ. ಕಥೆ ನಿಂದೇ ಇದ್ದರೂ ಇರಬಹುದು.

ಒಂದು ಊರು. ಆ ಊರಲ್ಲಿ ಒಬ್ಬಳು ಸಾಹುಕಾರ್ತಿ. ಎಂಥಾ ಮನೆ ಅಂತೀರಿ! ಮುಂಬಾಗಿಲಲ್ಲಿ ತಿಂಡಿ ತಿಂದು ಅಡುಗೆಮನೆ ಸೇರೋಷ್ಟರಲ್ಲಿ ಮತ್ತೆ ಹಸಿವಾಗೋದು. ಅವಳಿಗೆ ಗಾಜಿನ ಲೋಟದ ಹುಚ್ಚು. ಒಂದು ಗೋಡೆ ತುಂಬ ಲೋಟ. ಬೆಳಿಗ್ಗೆ ಸೂರ್ಯ ಮುಖ ನೋಡ್ಕೊಳ್ಳೋಕೆ ಅವಳ ಮನೆಗೇ ಬರ್ತಿದ್ದ, ಅಂಥಾ ಹೊಳಪು.

ಆ ಹೊಳಪು ಯಾರದ್ದು? ಸಾಹುಕಾರ್ತಿದಾ? ಅಲ್ಲ. ಪಾತ್ರೆ ತೊಳೆಯೋಕೆ ಬರ್ತಿದ್ದ ಮುದುಕಿಯದ್ದು. ಇಪ್ಪತ್ತು ವರ್ಷ ಹಿತ್ತಲಲ್ಲಿ ಕೂತು ತೊಳೆದಳು. ಸಾಹುಕಾರ್ತಿ ಒಂದು ದಿನವೂ ಹಿತ್ತಲಿಗೆ ಕಾಲಿಟ್ಟವಳಲ್ಲ. ಆದರೆ ಮುದುಕಿಯ ಎರಡು ತಪ್ಪು ಮಾತ್ರ ಕಾಣ್ತಿತ್ತು. ದಿನಾ ಕಾಲು ಗಂಟೆ ತಡ. ಸೀರೆಯ ಒಂದು ಪಕ್ಕ ಯಾವಾಗಲೂ ಒದ್ದೆ.

"ಏನೇ, ಇವತ್ತೂ ಲೇಟಾ? ನೆಲವೆಲ್ಲ ತೊಟ್ಟಿಕ್ಕಿಸ್ಕೊಂಡು ಬರ್ತೀಯಲ್ಲ, ಕೆರೇಲಿ ಬಿದ್ದು ಎದ್ದು ಬಂದ್ಯಾ?"

"ಇಲ್ಲ ಕಣವ್ವ" ಅಂತ ಮುದುಕಿ ಬಗ್ಗಿ ನೆಲ ಒರೆಸೋಳು. ಅಷ್ಟೇ.

ಕೊನೆಗೆ ಒಂದು ದಿನ, "ನಾಳೆಯಿಂದ ಬರಬೇಡ. ಪಾತ್ರೆ ತೊಳೆಯೋ ಮಿಷಿನ್ ಬರ್ತಿದೆ. ಅದು ತಡ ಮಾಡಲ್ಲ, ಸೀರೆನೂ ಉಡಲ್ಲ" ಅಂದಳು. ನಗಬೇಡಿ. ಅವತ್ತು ಆ ಮನೆಯಲ್ಲೂ ಎಲ್ಲರೂ ನಕ್ಕರು.

ಮಿಷಿನ್ ಬಂತು. ಲೋಟ ತೊಳೀತು. ತೆಗೆದು ನೋಡಿದರೆ ಏನಿದೆ? ಸುಣ್ಣದ ನೀರಲ್ಲಿ ಅದ್ದಿದ ಹಾಗೆ ಬಿಳಿ ಪೊರೆ! ಸಾವಿರ ಸಲ ತೊಳೆದರೂ ಅದೇ ಪೊರೆ. ರಿಪೇರಿಯವನಿಗೆ ಫೋನು ಮಾಡಿದಳು. ಅವನು, "ಅಮ್ಮಾ, ನಿಮ್ಮದು ಬೋರ್‌ವೆಲ್ ನೀರು, ಗಡಸು. ಉಪ್ಪು ಹಾಕಬೇಕು, ಅದಕ್ಕೆ ಅಂತಲೇ..." ಅಂತಿದ್ದ ಹಾಗೇ ಇವಳು ಫೋನ್ ಇಟ್ಟಳು. ಪೂರ್ತಿ ಕೇಳೋ ಅಭ್ಯಾಸವೇ ಇಲ್ಲವಲ್ಲ! ಸಾರಿಗೆ ಹಾಕೋ ಉಪ್ಪು ಎರಡು ಹಿಡಿ ತಂದು ಲೋಟಗಳ ಮೇಲೆ ಉದುರಿಸಿದಳು. ಅವತ್ತು ಬೀಗರು ಕುಡಿದ ಪಾನಕದಲ್ಲಿ ಸಮುದ್ರವೇ ಇತ್ತು.

ಮಾರನೆ ದಿನ ರಿಪೇರಿಯವನೇ ಬಂದ. ಮಿಷಿನ್‌ಗೆ ಅಂತಲೇ ಸಿಗೋ ದಪ್ಪ ಉಪ್ಪನ್ನ ತಳದ ಡಬ್ಬಿಗೆ ತುಂಬಿದ, ಜಾಲರಿ ತೊಳೆದ. ಲೋಟ ಫಳಫಳ ಅಂತು. ಹೊರಡುವಾಗ ಕೇಳಿದ, "ಮುಂಚೆ ಈ ಲೋಟ ಯಾರು ತೊಳೀತಿದ್ದರು? ಈ ನೀರಲ್ಲಿ ಇಷ್ಟು ದಿನ ಪೊರೆ ಕಟ್ಟದೆ ಹೇಗೆ ಉಳಿಸಿದರು?"

ಆ ಮಾತು ಅವಳನ್ನ ಹಿಡ್ಕೊಂಡುಬಿಡ್ತು. ಸೀದಾ ಮುದುಕಿ ಮನೆಗೆ ಹೋದಳು. ಮುದುಕಿ ಮೂಲೇಲಿ ಮಲಗಿದ್ದಳು. ಪಕ್ಕದಲ್ಲಿ ಒಂದು ಕೊಡ.

"ನಮ್ಮ ಬೀದಿ ನಲ್ಲೀಲಿ ಹೊಳೆ ನೀರು ಬತ್ತದೆ ಕಣವ್ವ, ಸಿಹಿ ನೀರು. ಲೋಟಾನ ಕೊನೇಗೆ ಅದ್ರಲ್ಲಿ ಅದ್ದಿ ತೆಗುದ್ರೆ ಕಲೆ ನಿಲ್ಲಾಕಿಲ್ಲ. ದಿನಾ ಒಂದು ಕೊಡ ಹೊತ್ಕೊಂಡ್ ಬಂದು ಹಿತ್ತಲಲ್ಲಿ ಇಳಿಸ್ತಿದ್ದೆ. ನಲ್ಲೀಲಿ ಸಾಲು, ಅದ್ಕೇ ತಡ. ಸೊಂಟದ್ ಮ್ಯಾಲೆ ಕೊಡ ತುಳುಕ್ತಿತ್ತು, ಅದ್ಕೇ ಒದ್ದೆ. ಈಗ ಆ ಸೊಂಟಾನೇ ಏಳಾಕಿಲ್ಲ ಅಂತದೆ."

"ನನಗೆ ಯಾಕೆ ಹೇಳಲಿಲ್ಲ?"

"ಯಾಕ್ ತಡ ಅಂತ ದಿನಾ ಬೈದ್ರಿ ಕಣವ್ವ. ಒಂದಿನಾನೂ ಕೇಳ್ನಿಲ್ಲ."

ನೋಡಿ, ಅಲ್ಲೇ ಕೈ ಹಿಡಿದು ತಪ್ಪಾಯ್ತು ಅನ್ನಬಹುದಿತ್ತು. ಒಂದೇ ಮಾತು. ಆದರೆ ಬೀದಿ ಹೆಂಗಸರು ಬಾಗಿಲಲ್ಲಿ ನಿಂತು ನೋಡ್ತಿದ್ದರು, ಇವಳಿಗೆ ನಾಚಿಕೆ. "ನಾಳೆ ಬರ್ತೀನಿ" ಅಂದು ಎದ್ದಳು. ನಾಳೆ ನೆಂಟರು ಬಂದರು. ನಾಳಿದ್ದು ವ್ರತ. ಒಂಬತ್ತನೇ ದಿನ ಹೋದಳು. ಕೊಡ ಹೊಸಿಲ ಪಕ್ಕ ಬೋರಲು ಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ. ಪಕ್ಕದ ಮನೆಯವಳು, "ಮೊನ್ನೆ ಮಣ್ಣು ಮಾಡಿದ್ವಿ. ನಾಳೆ ಅಮ್ಮಾವ್ರು ಬತ್ತಾರೆ ಅಂತ ದಿನಾ ಚಾಪೆ ಕೊಡವಿಸ್ತಿದ್ಲು" ಅಂದಳು.

ಮಿಷಿನ್ ಸರಿಹೋಯ್ತು. ಲೋಟ ಸರಿಹೋಯ್ತು. ಇದು ಸರಿಹೋಗುತ್ತಾ? ಯಾವ ಉಪ್ಪು ಹಾಕ್ತೀರಿ ಇದಕ್ಕೆ?

ಅಯ್ಯೋ ಪಾಪ ಅಂತ ಕಣ್ಣು ಒರೆಸ್ಕೊಂಡು ಮನೆಗೆ ಹೋಗಿ ಮತ್ತೆ ಗದರಿದರೆ ನಾನು ಬಾಯಿ ನೋಯಿಸಿಕೊಂಡದ್ದು ದಂಡ. ನಾಳೆ ನಿಮ್ಮನೆ ಕೆಲಸದವಳು ತಡವಾಗಿ ಬಂದರೆ ಯಾಕಮ್ಮ ಅಂತ ಕೇಳಿ. ಕೇಳಿದ ಮೇಲೆ ಕೂತ್ಕೊಳ್ಳಿ. ಅವಳು ಮುಗಿಸೋವರೆಗೂ ಬಾಯಿ ಮುಚ್ಕೊಳ್ಳಿ. ತಪ್ಪು ನಿಮ್ಮದಾಗಿದ್ದರೆ ನಾಳೆ ಅನ್ನಬೇಡಿ, ಯಾರು ನೋಡ್ತಿದ್ದರೂ ಅಲ್ಲೇ ಹೇಳಿ.

ನಾಳೆಯವರೆಗೂ ಯಾಕೆ? ಇವತ್ತು ಜಮಖಾನ ಹಾಸೋದು ತಡ ಆಯ್ತು ಅಂತ ನೀವೆಲ್ಲ ಮುಖ ಗಂಟು ಹಾಕ್ಕೊಂಡ್ರಿ. ನಾನು ನಿಮಗಿಂತ ಜೋರಾಗಿ ಗೊಣಗಿದೆ. ಹಾಸಿದವಳು ಆ ಬಾಗಿಲ ಹತ್ತಿರ ನಿಂತೇ ಇದಾಳೆ.

ಪುಟ್ಟತಾಯಿ, ಇಲ್ಲಿ ಬಾರಮ್ಮ. ತಪ್ಪಾಯ್ತು. ಬೆಳಿಗ್ಗೆ ಯಾಕೆ ತಡ ಆಯ್ತು, ಹೇಳು. ನೀನು ಮುಗಿಸೋವರೆಗೂ ನಾವ್ಯಾರೂ ಏಳಲ್ಲ.