ಗೋಪೂಜೆಯ ಸರ

೨೦೨೫ರ ಅಕ್ಟೋಬರ್ ೨೩, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಹೊಸನಗರದ ಪಶು ಆಸ್ಪತ್ರೆಯ ಜಗಲಿಯಲ್ಲಿ ಹರಿಪ್ರಿಯಾ ತನ್ನ ನಾಯಿಯ ಚುಚ್ಚುಮದ್ದಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ನಿಟ್ಟೂರಿನಿಂದ ಬಂದ ಗಂಡ ಹೆಂಡತಿ ಕೂತಿದ್ದರು. ಹೊರಗೆ ಪಿಕಪ್ಪಿನಲ್ಲಿ ಅವರ ಗಬ್ಬದ ಹಸು ಮೇವು ಮುಟ್ಟದೆ, ಬೆನ್ನು ಬಾಗಿಸಿಕೊಂಡು ನಿಂತಿತ್ತು. ನಿನ್ನೆ ಗೋಪೂಜೆಗೆ ಅದರ ಕೊರಳಿಗೆ ಕಟ್ಟಿದ್ದ, ಅದು ಅಗಿದು ಬಿಟ್ಟ ಸರ ಗಂಡನ ಕೈಯ ಚೀಲದಲ್ಲಿತ್ತು.

“ಎಲ್ಲ ನಿನ್ನ ಮರ ಕೊರೆಯೋ ಲೇಸರ್ ಮಿಷನ್ನಿಂದಲೇ ಆಗಿದ್ದು, ಸ್ವಪ್ನಾ. ಅಡಿಕೆ ಸರ ಸಾಕಿತ್ತು. ಹಸುಗೆ ಮರದ ಹಣತೆ ಡಿಸೈನ್ ಬೇಕಿತ್ತಾ?”

“ನಿನ್ನೆ ಸ್ಟೇಟಸ್ಸಿಗೆ ಹಾಕ್ಕಂಡು ಮೆರೀವಾಗ ಚೆನ್ನಾಗಿತ್ತಲ್ಲ?”

“ಹೊಸಬರಿಗೂ ಸುಲಭ ಅಂತ ಆ ಮಿಷನ್ ನೀನೇ ತರಿಸ್ದೆ. ಈಗ ಮರದ ಚೂರು ಹೊಟ್ಟೇಲಿ ಸಿಕ್ಕಂಡ್ರೆ?”

“ತೆಳು ಪ್ಲೈವುಡ್ಡು ಕಣ್ರೀ, ಅಗಿದು ಪುಡಿ ಮಾಡಿರತ್ತೆ. ನಾನು ಪೋಣಿಸಿದ್ದೂ ಹತ್ತಿ ದಾರದಲ್ಲಿ.”

ಗಂಡ ಚೀಲವನ್ನು ಮಡಿಲಿಗೆ ಎಳೆದುಕೊಂಡ.

“ಏನ್ರೀ?”

“ಕೊಟ್ಟಿಗೇಲಿ ಕಟ್ಟೋವಾಗ ದಾರ ಹರೀತು. ಪೂಜೆಗೆ ಹೊತ್ತಾಗಿತ್ತು. ತಂತೀಲಿ ಪೋಣಿಸ್ದೆ.”

“ತಂತೀಲಾ? ಕರುಳಿಗೆ ಚುಚ್ಚತ್ತಲ್ರೀ! ಬೆಳಿಗ್ಗೆಯಿಂದ ನನ್ನ ಮಿಷನ್ನಿಗೇ ಬಯ್ತಿದೀರಲ್ಲ, ಬಾಯಿ ಬಿಡಕ್ಕೆ ಏನಾಗಿತ್ತು?”

ಅವಳ ಕೂಗಿಗೆ ವೈದ್ಯರು ಹೊರಗೆ ಬಂದರು.

“ತಂತಿ ಎಷ್ಟು ಉದ್ದ ಇತ್ತು?”

“ಸರಿಯಾಗಿ ಒಂದು ಮೀಟರ್, ಸರ್. ಅಳೆದೇ ಕತ್ತರಿಸಿದ್ದು.”

ಸ್ವಪ್ನಾ ಚೀಲ ಕಸಿದು, ಹೂವು ಹಣತೆಗಳನ್ನೆಲ್ಲ ಕಿತ್ತು, ತಂತಿಯನ್ನು ಬೆಂಚಿನ ಮೇಲೆ ನೇರ ಮಾಡಿದಳು. ವೈದ್ಯರು ಟೇಪು ಹಿಡಿದು ನೋಡಿದವರೇ ಪಿಕಪ್ಪಿನತ್ತ ಓಡಿದರು. ಗಂಡ ಹೆಂಡತಿಯೂ ಹಿಂದೆಯೇ ಓಡಿದರು.

ಬೆಂಚಿನ ಮೇಲೆ ಉಳಿದ ತಂತಿ ತೊಂಬತ್ತೊಂದು ಸೆಂಟಿಮೀಟರ್ ಇತ್ತು.