ಹದಿನೇಳನೆಯ ಮಾದರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಡಾಕ್ಟರ್ ಆರಿಫಾ ಅವರೇ, ಪ್ರಯೋಗಾಲಯದ ಸಹೋದ್ಯೋಗಿಗಳೇ, ಮೂರನೆಯ ಸಾಲಿನಲ್ಲಿ ಕುಳಿತಿರುವ ಹಸನಬ್ಬರೇ, ಸಭಿಕರೇ,

ಭಾಷಣ ನನ್ನ ಕಸುಬಲ್ಲ. ಆದ್ದರಿಂದ ಸಂಗತಿಗಳನ್ನು ಕ್ರಮವಾಗಿ ಹೇಳಿಬಿಡುತ್ತೇನೆ.

ಒಂದು: ಕ್ಯಾನ್ಸರ್ ಔಷಧ ಜೀವಕೋಶದ ಒಳಹೊಕ್ಕು ಯಾವ ಪ್ರೋಟೀನನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಈ ವಿದ್ಯೆಗೆ ಪ್ರೋಟಿಯೋಮಿಕ್ಸ್ ಎನ್ನುತ್ತಾರೆ.

ಎರಡು: ಅದಕ್ಕಾಗಿ ಮಂಗಳೂರಿನ ಅತ್ತಾವರದ ನಮ್ಮ ಪ್ರಯೋಗಾಲಯಕ್ಕೆ ನಲವತ್ತೊಂದು ಮಂದಿ ರೋಗಿಗಳು ತಮ್ಮ ಗಡ್ಡೆಯ ಚೂರು ಕೊಟ್ಟರು.

ಮೂರು: ಆ ಅಧ್ಯಯನಕ್ಕಾಗಿ ನೀವು ಇಂದು ನನಗೆ ಶಾಲು ಹೊದಿಸಿದ್ದೀರಿ.

ನಾಲ್ಕು: ಆ ನಲವತ್ತೊಂದು ಮಂದಿಯಲ್ಲಿ ಒಬ್ಬರಿಗೂ ಯಾರೂ ಶಾಲು ಹೊದಿಸಿಲ್ಲ.

ಹದಿನೇಳನೆಯ ಮಾದರಿ ಹೊಳೆಯಾಚೆಯ ಬೆಂಗ್ರೆಯ ಹಸನಬ್ಬರದು. ಹೆಸರು ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. ಪ್ರೋಟೀನು ಗುರುತಿಸುವ ಯಂತ್ರ ಕೊಟ್ಟ ಮೊದಲ ಪಟ್ಟಿಯಲ್ಲಿ ಅವರಿಗಿಂತ ಹೆಚ್ಚು ನಾನೇ ಇದ್ದೆ. ನನ್ನ ಬೆರಳಿನ ಚರ್ಮದ ಪ್ರೋಟೀನು ಸೇರಿಬಿಟ್ಟಿತ್ತು. "ಸರ್, ಇದರಲ್ಲಿ ಪೇಶೆಂಟ್ ಯಾರು?" ಎಂದು ನನ್ನ ವಿದ್ಯಾರ್ಥಿನಿ ಏವ್ರಿಲ್ ಕೇಳಿದಳು. ಕೈಗವಸು ಬದಲಿಸಿ ಮತ್ತೆ ಮಾಡಿದೆವು.

ಎರಡನೆಯ ಪಟ್ಟಿ ಸ್ವಚ್ಛವಾಗಿತ್ತು. ಮಾತ್ರೆ ತಾನು ಹಿಡಿಯಬೇಕಾದ ಪ್ರೋಟೀನನ್ನು ಹಿಡಿದಿತ್ತು. ಆದರೂ ಕೋಶ ಇನ್ನೊಂದು ಪ್ರೋಟೀನಿನ ನೆರವಿನಿಂದ ಬೆಳೆಯುತ್ತಲೇ ಇತ್ತು. ಸಂಶೋಧಕನಿಗೆ ಅದು ಹೊಸ ಸಂಗತಿ, ಸಂತೋಷದ ಫಲಿತಾಂಶ. ನಾನೂ ಸಂತೋಷಪಟ್ಟೆ. ಹಸನಬ್ಬರು ದಿನವೂ ಬೆಳಿಗ್ಗೆ ಅದೇ ಮಾತ್ರೆ ನುಂಗುತ್ತಿದ್ದರು.

ಫಲಿತಾಂಶವನ್ನು ರೋಗಿಗೆ ತಿಳಿಸಲಾಗುವುದಿಲ್ಲ ಎಂದು ನಮ್ಮ ಒಪ್ಪಿಗೆ ಪತ್ರದಲ್ಲಿತ್ತು. ಆ ಸಾಲು ಬರೆದವನು ನಾನೇ. ಹನ್ನೊಂದು ವಾರ ಪಟ್ಟಿ ನನ್ನ ಕಡತದಲ್ಲಿತ್ತು. ಒಂದು ದಿನ ಹಸನಬ್ಬರು ಹೊಳೆ ದಾಟಿ ಬಂದು, ಹದಿನೇಳು ಎಂದು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಗ್ಲೆನ್ ಸರ್, ನನ್ನ ತುಂಡು ಎಂತ ಹೇಳಿತು?"

"ಇನ್ನೂ ನೋಡ್ತಾ ಇದ್ದೇವೆ" ಎಂದೆ.

ಈ ಮಾತನ್ನು ನಾನು ಎಲ್ಲಿ ಕಲಿತೆ? ನನ್ನ ತಂದೆ ಆರ್ಥರ್ ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಕಾಯಿಲೆಯ ಹೆಸರು ಅವರಿಗೆ ತಿಳಿಯಬಾರದೆಂದು ವೈದ್ಯರನ್ನು ಬೇಡಿಕೊಂಡವನು ನಾನು. ಡಾಕ್ಟರ್ ಏನೆಂದರು ಎಂದು ಅವರು ಕೇಳಿದಾಗಲೆಲ್ಲ ಕೊಂಕಣಿಯಲ್ಲಿ ಇದೇ ಉತ್ತರ ಕೊಟ್ಟೆ. ಅವರು ಕೊನೆಯ ತನಕ ಕೇಳುತ್ತಲೇ ಇದ್ದರು. ಇದು ಇಂದಿನ ವಿಷಯವಲ್ಲ, ಕ್ಷಮಿಸಿ.

ಹಸನಬ್ಬರು ಕುರ್ಚಿಯಿಂದ ಏಳಲಿಲ್ಲ. "ನಾನು ಬಲೆ ರಿಪೇರಿ ಮಾಡುವವ. ಹರಿದದ್ದು ಎಲ್ಲಿ ಅಂತ ಹೇಳದೆ ಬಲೆ ಕೊಟ್ಟರೆ ನಾನೆಂತ ಹೊಲಿಯುವುದು ಮಾರಾಯ್ರೆ?"

ಅಂದೇ ಮಧ್ಯಾಹ್ನ ಪಟ್ಟಿ ಹಿಡಿದು ಅವರ ವೈದ್ಯೆ ಆರಿಫಾ ಅವರ ಬಳಿ ಹೋದೆ. ನೈತಿಕ ಸಮಿತಿ ಅನುಮತಿ ಕೊಟ್ಟಿತು, ಆಸ್ಪತ್ರೆಯ ಪರೀಕ್ಷೆಯಲ್ಲೂ ಅದೇ ಕಂಡಿತು, ಔಷಧ ಬದಲಾಯಿತು. ಹದಿನಾಲ್ಕು ತಿಂಗಳಿಂದ ಗಡ್ಡೆ ಬೆಳೆದಿಲ್ಲ. ಮುಂದಿನದನ್ನು ಯಾವ ಯಂತ್ರವೂ ಹೇಳದು. ಇಂದಿನ ಈ ಶಾಲು ಅವರಿಗೆ ಸಲ್ಲಬೇಕೆಂದು ಈಗ ಸ್ವಲ್ಪ ಮುಂಚೆ ಕೊಡಹೋದೆ. ಈ ಸೆಖೆಗೆ ಎಂತಕ್ಕೆ ಎಂದು ಹಿಂದಿರುಗಿಸಿದರು.

ಅವರಿಗೆ ನಾನು ಕೃತಜ್ಞ. ಕೇಳಿದ್ದಕ್ಕೆ ಕೃತಜ್ಞ, ಕೇಳಿ ಎದ್ದುಹೋಗದೆ ಕುಳಿತದ್ದಕ್ಕೆ ಇನ್ನೂ ಹೆಚ್ಚು ಕೃತಜ್ಞ. ಉಳಿದ ನಲವತ್ತು ಮಂದಿ ಕೇಳಲಿಲ್ಲ. ಕೇಳಬಹುದೆಂದು ಅವರಿಗೆ ಯಾರು ಹೇಳಿದ್ದರು?

ತಡವಾಗಿಯಾದರೂ, ಸಮಿತಿಯ ಒಪ್ಪಿಗೆಯಿಂದ, ಫಲಿತಾಂಶ ತಿಳಿಸುವುದಿಲ್ಲ ಎಂಬ ಆ ಸಾಲನ್ನು ಪತ್ರದಿಂದ ತೆಗೆಸಿದ್ದೇನೆ. ಸೋಮವಾರದಿಂದ, ಅವರ ವೈದ್ಯರೊಂದಿಗೆ, ನಲವತ್ತು ಮನೆಗಳಿಗೂ ಹೋಗಿ ತಿಳಿಯಬಯಸುವಿರಾ ಎಂದು ಕೇಳುತ್ತೇನೆ. ಬೇಕೆಂದವರಿಗೆ ನಾನೇ ಹೇಳುತ್ತೇನೆ. ಕೆಲವು ಮನೆಗಳಲ್ಲಿ ಚೂರು ಕೊಟ್ಟವರು ಈಗಿಲ್ಲ. ಆ ಮನೆಗಳಿಗೂ ಹೋಗಬೇಕೆಂದು ನಿರ್ಧರಿಸಿದ್ದೇನೆ.

ಕೇಳಿಸಿಕೊಂಡ ತಮಗೆಲ್ಲ ವಂದನೆ. ನಮಸ್ಕಾರ.